ಎದೆಮಟ್ಟದ ಸುತ್ತಳತೆ

ಕೋಲು ತೀರ ಹೊಸದಾಗಿ ಕಾಣುತ್ತಿತ್ತು, ತೊಂದರೆ ಅದೇ. ಐದಾರು ವರ್ಷ ಸಂಸ್ಥೆಯ ಉಗ್ರಾಣದಲ್ಲಿ ಹಳೆಯ ಡೇರೆಗಳ ಹಿಂದೆ ನಿಂತೇ ಇದ್ದ ಕೋಲು. ನೂರಾ ಮೂವತ್ತೇಳು ಸೆಂಟಿಮೀಟರಿಗೆ ಸರಿಯಾಗಿ ಸುತ್ತಿದ ಕೆಂಪು ಪಟ್ಟಿ ನಿನ್ನೆ ಬಳಿದಂತೆ ಹೊಳೆಯುತ್ತಿತ್ತು. ಬೆಳಿಗ್ಗೆ ಏಳಕ್ಕೇ ಆಫೀಸಿಗೆ ಬಂದ ರಾಜೀವ ಅದರ ಮೇಲಿನ ಜೇಡರ ಬಲೆ ಒರೆಸಿದ. ಒರೆಸಿದ್ದರಿಂದ ಅದು ಇನ್ನಷ್ಟು ಹೊಳೆಯಿತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಅಂಗಳದ ನಲ್ಲಿಯ ಕೆಳಗೆ ನಿಂತಿದ್ದ ಕೆಸರನ್ನು ಎರಡು ಬೆರಳಲ್ಲಿ ತೆಗೆದು ಕೋಲಿನ ಬುಡಕ್ಕೆ ಹಚ್ಚಿದ, ಪಟ್ಟಿಯ ಮೇಲೂ ಸ್ವಲ್ಪ ಸವರಿದ, ಕೈಯಲ್ಲಿ ಹಿಡಿಯುವ ಕಡೆ ಜಿಡ್ಡಾಗಲೆಂದು ಅಂಗೈ ತಿಕ್ಕಿದ. ಮೂವತ್ತಾರು ವರ್ಷದ ಮನುಷ್ಯ, ಕಾಡಿನಲ್ಲೂ ಮಣ್ಣಿನಲ್ಲೂ ಅಡಗಿದ ಇಂಗಾಲವನ್ನು ಅಳೆದು ಹೇಳುವುದೇ ಕೆಲಸವಾದವನು, ಕುಕ್ಕರುಗಾಲಲ್ಲಿ ಕೂತು ಒಂದು ಕೋಲಿಗೆ ಮುಪ್ಪು ಬರಿಸುತ್ತಿದ್ದ. ತಲೆ ಎತ್ತಿದಾಗ ಗೇಟಿನ ಹತ್ತಿರ ಯಮನವ್ವ ಬುತ್ತಿಗಂಟು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

‘ಇದೇನ್ರಿ ಸಾಹೇಬ್ರ, ಹೊಸಾದು?’

‘ಹೊಸಾದಲ್ಲ. ಮೊದಲಿಂದ ಅದ.’

‘ನಾ ನೋಡೇ ಇಲ್ರಿ,’ ಎಂದು ಅವಳು ಚಪ್ಪಲಿ ಬಿಟ್ಟು, ಎಂದಿನಂತೆ ಮಣ್ಣು ಕೊರೆಯುವ ಕಬ್ಬಿಣದ ಕೊಳವೆ, ಸುತ್ತಿಗೆ, ಚೀಲ ಎಲ್ಲ ಎತ್ತಿ ಜೀಪಿನ ಹಿಂಭಾಗಕ್ಕೆ ಹಾಕತೊಡಗಿದಳು. ಕೋಲನ್ನು ಮಾತ್ರ ಮುಟ್ಟಲಿಲ್ಲ. ಅದು ತನ್ನ ಸಾಮಾನಲ್ಲ ಎಂಬಂತೆ ಅದನ್ನು ದಾಟಿ ಹೋದಳು.

ಒಂಬತ್ತಕ್ಕೆ ಪ್ರೇಮಕುಮಾರ ಬಂದ. ಚೆನ್ನೈಯವನು, ಅಲ್ಲಿಯ ಒಂದು ತಪಾಸಣೆಯ ಕಂಪನಿಯಿಂದ ಬಂದಿದ್ದ. ಹಿಂದಿ ಬಾರದು ಎಂದು ಮೊದಲೇ ಹೇಳಿದ, ಅದರಲ್ಲಿ ನಾಚಿಕೆಯೂ ಇರಲಿಲ್ಲ, ಜಂಬವೂ ಇರಲಿಲ್ಲ. ಮುಳಶಿಯ ಆಚೆಯ ಗುಡ್ಡಗಳಲ್ಲಿ ಸಂಸ್ಥೆ ಕಾಯ್ದುಕೊಂಡು ಬಂದ ಕಾಡು ಐದು ವರ್ಷಗಳಲ್ಲಿ ಇಂತಿಷ್ಟು ಇಂಗಾಲವನ್ನು ಹೆಚ್ಚಾಗಿ ಕೂಡಿಟ್ಟುಕೊಂಡಿದೆ ಎಂದು ಹೋದ ವರ್ಷದ ವರದಿ ಹೇಳಿತ್ತು. ಆ ಮಾತನ್ನು ನಂಬಿ ಸಮುದ್ರದಾಚೆಯ ಯಾವುದೋ ಕಾರ್ಖಾನೆ ತನ್ನ ಹೊಗೆಗೆ ಸಮಾಧಾನ ಹೇಳಿಕೊಳ್ಳುವುದಿತ್ತು. ಹಾಗೆ ಹೇಳಿಕೊಳ್ಳಬಹುದೇ ಎಂದು ಕಾಡಿಗೇ ಹೋಗಿ ಅಳೆದು ನೋಡಿ ಸಹಿ ಹಾಕುವುದು ಪ್ರೇಮಕುಮಾರನ ಕೆಲಸ. ಕಾಡಿನಲ್ಲಿ ಗುರುತು ಹಾಕಿದ ತುಂಡುಗಳು ನಲವತ್ತು. ಅವುಗಳಲ್ಲಿ ನಾಲ್ಕನ್ನು ಅವನು ಚೀಟಿ ಎತ್ತಿ ಆರಿಸಿದ. ಜೀಪು ಪುಣೆಯ ಚಾಂದಣಿ ಚೌಕ ದಾಟಿ ಪೌಡದ ದಾರಿ ಹಿಡಿದಾಗ ರಾಜೀವ ಆ ನಾಲ್ಕು ಸಂಖ್ಯೆಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಕೂತ. ಏಳು, ಇಪ್ಪತ್ತಮೂರು, ಮೂವತ್ತು, ಮೂವತ್ತೆಂಟು. ಯಾವುದು ಬಂದಿದ್ದರೂ ಒಂದೇ ಎಂದು ಅವನಿಗೆ ಗೊತ್ತಿತ್ತು. ಆದರೂ ಬೇರೆ ಸಂಖ್ಯೆ ಬಂದಿದ್ದರೆ ಏನೋ ಆಗುತ್ತಿತ್ತು ಎಂದು ಮನಸ್ಸು ಹೇಳುತ್ತಲೇ ಇತ್ತು. ಮುಂದಿನ ಸೀಟಿನಿಂದ ತಿರುಗಿ ಪ್ರೇಮಕುಮಾರ, ನೀವು ಡಾಕ್ಟರ್ ರಾಜೀವ ಅಲ್ಲವೇ ಎಂದ. ಇನ್ನೂ ಇಲ್ಲ ಎಂದು ರಾಜೀವ ಹೇಳಿದ. ಈ ಕಾಡಿನ ಮೇಲೆಯೇ ಪ್ರಬಂಧ ಬರೆಯುತ್ತಿದ್ದೇನೆ, ಮುಗಿಯುತ್ತ ಬಂದಿದೆ. ಓ ಎಂದು ಪ್ರೇಮಕುಮಾರ ಮತ್ತೆ ಮುಂದೆ ನೋಡಿದ. ಆ ಓ ಎಂಬುದು ಚಿಕ್ಕ ಕಲ್ಲಿನಂತೆ ಜೀಪಿನೊಳಗೆ ಬಹಳ ಹೊತ್ತು ಉರುಳಾಡಿತು.

ಮರವನ್ನು ಕಡಿದು ತೂಗುವಂತಿಲ್ಲ. ಆದ್ದರಿಂದ ನೆಲದಿಂದ ನೂರಾ ಮೂವತ್ತೇಳು ಸೆಂಟಿಮೀಟರ್ ಮೇಲೆ, ಎಲ್ಲ ಪುಸ್ತಕಗಳೂ ಎದೆಮಟ್ಟ ಎಂದು ಕರೆಯುವ ಜಾಗದಲ್ಲಿ, ಟೇಪು ಸುತ್ತಬೇಕು. ಆ ಸುತ್ತಳತೆಯಿಂದ ತೂಕ, ತೂಕದಿಂದ ಇಂಗಾಲ. ಮರ ಬುಡದ ಕಡೆಗೆ ದಪ್ಪ, ಮೇಲಕ್ಕೆ ಹೋದಂತೆ ಸಣ್ಣ. ಪ್ರತಿ ಸಲವೂ ಅದೇ ಮಟ್ಟದಲ್ಲಿ ಹಿಡಿದರೆ ಮಾತ್ರ ಅಂದಿನ ಮರಕ್ಕೂ ಇಂದಿನ ಮರಕ್ಕೂ ಹೋಲಿಕೆ. ಎರಡು ಸಾವಿರದ ಒಂದರಲ್ಲಿ, ಮೊದಲ ತುಂಡಿನ ಮೊದಲ ಮರದ ಮುಂದೆ, ಇದೇ ಕೋಲನ್ನು ಜಟ್ಟೆಪ್ಪ ಹಿಡಿದು ನಿಂತಿದ್ದ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು ಯೆರವಡಾದ ಗುಡಿಸಲುಗಳಲ್ಲಿ ನೆಲೆ ನಿಂತವನು; ಸಂಸ್ಥೆಯಲ್ಲಿ ಕನ್ನಡ ಮಾತಾಡುವ ಒಬ್ಬ ಸಾಹೇಬ ಇದ್ದಾನೆಂದು ಕೇಳಿ ಕೆಲಸ ಹುಡುಕಿಕೊಂಡು ಬಂದಿದ್ದ. ಎಷ್ಟು ಎತ್ತರದ ಆಸಾಮಿ ಎಂದರೆ ಜೀಪಿನಲ್ಲಿ ಕತ್ತು ಓರೆ ಮಾಡಿ ಕೂರಬೇಕು. ಕೋಲು ಅವನ ಮೈಗೆ ಒರಗಿದ್ದಾಗ ಕೆಂಪು ಪಟ್ಟಿ ಅವನ ಅಂಗಿಯ ಎರಡನೆಯ ಗುಂಡಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಬಂತು. ರಾಜೀವ ಟೇಪು ಹಿಡಿದು ನೋಡಿದ, ನೂರಾ ಮೂವತ್ತೇಳು. ಚಪ್ಪಲಿ ಬಿಡಿಸಿ ನೋಡಿದ, ಹಾಕಿಸಿ ನೋಡಿದ. ಇಬ್ಬರೂ ನಕ್ಕರು. ‘ಇನ್ನ ಕೋಲ್ಯಾಕ, ನೀನ ಕೋಲು,’ ಎಂದು ರಾಜೀವ ಹೇಳಿದ. ಅಂದಿನಿಂದ ಕೋಲು ಉಗ್ರಾಣ ಸೇರಿತು, ಜಟ್ಟೆಪ್ಪ ಎರಡನೆಯ ಗುಂಡಿಗೆ ಟೇಪು ಹಿಡಿದು ನಲವತ್ತು ತುಂಡುಗಳ ಮರಗಳನ್ನೆಲ್ಲ ಒಂದೊಂದಾಗಿ ಅಪ್ಪಿಕೊಂಡು, ಅಳೆದಲ್ಲಿ ಬಿಳಿಯ ಬಣ್ಣದ ಬಳೆ ಬರೆದು ಮುಂದೆ ನಡೆದ. ಅದೇ ಬಣ್ಣದ ಅಂಗಿ, ಅದೇ ಗುಂಡಿ. ಆ ದಿನಗಳನ್ನು ನೆನೆದರೆ ರಾಜೀವನಿಗೆ ಈಗಲೂ ಗಾಳಿ ಹಗುರವಾಗಿತ್ತು ಎನಿಸುತ್ತದೆ. ವಿಜ್ಞಾನವೂ ಸ್ನೇಹವೂ ಒಂದೇ ಕಡೆ ಕೂಡಿದ್ದ ಹಾಗೆ.

ಐದು ವರ್ಷದ ಮೇಲೆ ಎರಡನೆಯ ಸಲದ ಅಳತೆ ಶುರುವಾಗುವ ಹದಿನೈದು ದಿನ ಮೊದಲು, ರವಿವಾರದ ಬಿಡುವಿನಲ್ಲಿ ಇನ್ನೊಂದು ಕೆಲಸಕ್ಕೆ ಹೋಗಿದ್ದ ಜಟ್ಟೆಪ್ಪ ಮೂರನೆಯ ಮಹಡಿಯ ಸಾರುವೆಯಿಂದ ಬಿದ್ದ. ಸೊಂಟ ಹೋಯಿತು. ರಾಜೀವ ನೋಡಲು ಹೋದಾಗ ಯೆರವಡಾದ ಆ ಕೋಣೆಯಲ್ಲಿ ಅವನು ಗೋಡೆಗೆ ಒರಗಿ ಕೂತಿದ್ದ. ಕೂತ ಜಟ್ಟೆಪ್ಪ ಎಲ್ಲರಷ್ಟೇ ಎತ್ತರ. ಅವನೇ ಹೇಳಿದ, ನನ್ನ ಬದಲಿ ಇವಳನ್ನು ಕರೆದುಕೊಳ್ಳಿರಿ, ಕೈ ಚುರುಕು, ಅಂಕಿ ಓದಲು ಬರುತ್ತದೆ. ಬಾಗಿಲ ಬಳಿ ನಿಂತಿದ್ದ ಯಮನವ್ವ ಸೆರಗು ಸರಿಪಡಿಸಿಕೊಂಡಳು. ಜಟ್ಟೆಪ್ಪನಿಗೆ ನೀ ಎನ್ನುತ್ತಿದ್ದ ರಾಜೀವನಿಗೆ ಅವಳಿಗೆ ನೀ ಎನ್ನಲೂ ಆಗಲಿಲ್ಲ, ನೀವು ಎನ್ನಲೂ ಬಾಯಿ ಬರಲಿಲ್ಲ. ವರ್ಷವೆಲ್ಲ ಅವನು ಅವಳೊಡನೆ ಯಾರನ್ನೂ ಉದ್ದೇಶಿಸದಂಥ ಮಾತುಗಳನ್ನು ಆಡಿದ. ಚೀಲ ಅಲ್ಲಿ ಇಟ್ಟರಾತು. ಇವತ್ತ ಎಂಟನೇ ತುಂಡು. ಬಿಸಲು ಭಾಳ ಅದ.

ಮೊದಲ ದಿನ ಮೊದಲ ಮರದ ಮುಂದೆ ಅವಳು ಟೇಪು ಹಿಡಿದು, ಎಲ್ಲಿ ಹಿಡಿಯಲಿ ಎಂದು ಕೇಳಿದ್ದಳು. ಎದೆಮಟ್ಟಕ್ಕೆ ಎಂಬ ಮಾತು ಅವನ ಗಂಟಲವರೆಗೆ ಬಂದು ಅಲ್ಲೇ ಕೂತಿತು. ಕಾಡು, ಬೆಳಗಿನ ಹೊತ್ತು, ಮೂವತ್ತರ ಆಸುಪಾಸಿನ ಪರರ ಹೆಂಡತಿ, ಬೇರೆ ಯಾರೂ ಇಲ್ಲ. ಕೈ ತೋರಿಸಿ ಹೇಳೋಣವೆಂದರೆ ಎಲ್ಲಿಗೆ ತೋರಿಸುವುದು. ಧಾರವಾಡದಲ್ಲಿ ಅವನು ಸಣ್ಣವನಿದ್ದಾಗ, ಅವ್ವ ಹೊಸ ಜಂಪರು ಹೊಲಿಸಬೇಕಾದರೆ ತಾನು ಸಿಂಪಿಗರ ಸಿದ್ರಾಮಪ್ಪನ ಅಂಗಡಿಗೆ ಹೋಗುತ್ತಿರಲಿಲ್ಲ. ಹಳೆಯದೊಂದನ್ನು ಪೇಪರಿನಲ್ಲಿ ಸುತ್ತಿ ಇವನ ಕೈಗೆ ಕೊಟ್ಟು, ಅಳತೀಗೆ ಇದನ್ನ ಕೊಟ್ಟು ಬಾ, ಹಿಂಗ ಹೊಲಿ ಅಂತ ಹೇಳು ಎನ್ನುತ್ತಿದ್ದಳು. ಅವನು ಓಣಿಯ ಉದ್ದಕ್ಕೂ ಆ ಪೊಟ್ಟಣವನ್ನು ಕಂಕುಳಲ್ಲಿ ಅವುಚಿ, ಗೆಳೆಯರು ಕಂಡರೆ ಪುಸ್ತಕ ಎನ್ನುತ್ತಿದ್ದ. ಸಿದ್ರಾಮಪ್ಪ ಪೇಪರು ಬಿಚ್ಚುವಾಗ ಅವನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ. ಸಿದ್ರಾಮಪ್ಪ ಯಾವ ಹೆಣ್ಣುಮಗಳಿಗೂ ಟೇಪು ಹಿಡಿದವನಲ್ಲ. ಓಣಿಯ ಅಷ್ಟೂ ಹೆಂಗಸರ ಅಳತೆ ಹಳೆಯ ಅಳತೆಯಿಂದಲೇ ಹುಟ್ಟಿ ಬರುತ್ತಿತ್ತು. ಯಾರ ಮೈ ಎಷ್ಟು ಬದಲಾಗಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಕಾಡಿನಲ್ಲಿ ನಿಂತ ರಾಜೀವ ಹಾಗೆಯೇ ದೂರದ ಬೆಟ್ಟದ ಕಡೆ ಮುಖ ಮಾಡಿ, ‘ಜಟ್ಟೆಪ್ಪ ಹ್ಯಾಂಗ ಹಿಡೀತಿದ್ದನೋ ಹಾಂಗ ಹಿಡದರಾತು,’ ಎಂದ. ಅವಳು ಹೂಂ ಎಂದಳು. ಅವನಿಗೆ ಎಷ್ಟು ನಿರಾಳವಾಯಿತು ಎಂದರೆ ಆ ನಿರಾಳವನ್ನೇ ಅವನು ಉತ್ತರವೆಂದು ತಿಳಿದ.

ಟೇಪನ್ನು ಮರದ ಹಿಂದೆ ದಾಟಿಸಲು ಅವಳು ಮರವನ್ನು ತಬ್ಬಬೇಕಿತ್ತು. ಸೆರಗು ಬಿಗಿದು, ಕೆನ್ನೆ ತೊಗಟೆಗೆ ಹಚ್ಚಿ, ಎರಡೂ ಕೈ ಚಾಚಿ. ರಾಜೀವ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತು ಪುಸ್ತಕದಲ್ಲಿ ಬರೆದುಕೊಂಡ. ಎರಡು ತಿಂಗಳು ಅವನು ಅವಳ ದನಿಯನ್ನಷ್ಟೇ ಬರೆದುಕೊಂಡ. ಅರವತ್ತಾರು. ಎಪ್ಪತ್ತೊಂದೂವರಿ. ಐವತ್ತೆಂಟು. ಹಿಂದೆ ಒಣಗಿದ ಎಲೆಗಳ ಮೇಲೆ ಅವಳ ಹೆಜ್ಜೆ, ಬಣ್ಣದ ಡಬ್ಬಿಯ ಸದ್ದು. ಈ ಸಲ ಹಳದಿ ಬಣ್ಣ. ಐದು ಮಳೆಗಾಲದಲ್ಲಿ ಜಟ್ಟೆಪ್ಪನ ಬಿಳಿ ಬಳೆಗಳು ಹೆಚ್ಚುಕಡಿಮೆ ತೊಳೆದೇ ಹೋಗಿದ್ದವು. ನಂದಿ ಮರಗಳಂತೂ ಸಿಪ್ಪೆಯ ಜೊತೆಗೆ ಅವನ್ನು ಕಳಚಿ ಹಾಕಿದ್ದವು. ಅಂಕಿಗಳು ಚೆನ್ನಾಗಿ ಬಂದವು. ನಿರೀಕ್ಷೆಗಿಂತ ಚೆನ್ನಾಗಿ. ಸಂಸ್ಥೆಯ ನಿರ್ದೇಶಕ ಪಂಢರಿನಾಥರು ಅವನ ಬೆನ್ನು ತಟ್ಟಿದರು, ವರದಿಯ ಮೇಲೆ ಅವನ ಹೆಸರು ಬಂತು. ಕಾಡು ಹೀಗೆ ಯಾಕೆ ಬೆಳೆಯಿತು ಎಂಬುದಕ್ಕೆ ಅವನು ತನ್ನ ಪ್ರಬಂಧದಲ್ಲಿ ಮೂರು ಕಾರಣ ಬರೆದ. ದನ ಮೇಯಿಸುವುದು ನಿಂತಿದೆ, ಎರಡು ವರ್ಷ ಮಳೆ ಹದವಾಗಿತ್ತು, ಮಣ್ಣಿನಲ್ಲಿ ಸಾರ ಕೂಡಿದೆ. ನಾಲ್ಕನೆಯ ಕಾರಣ ನವೆಂಬರಿನ ಒಂದು ಮಧ್ಯಾಹ್ನ ಸಿಕ್ಕಿತು, ಬಂಡೆಯ ಮರೆಗಿದ್ದ ಒಂದು ಮತ್ತಿ ಮರದ ಮೇಲೆ. ಮಳೆ ತಾಗದ ಆ ಮಗ್ಗುಲಲ್ಲಿ ಜಟ್ಟೆಪ್ಪನ ಬಿಳಿ ಬಳೆ ಇನ್ನೂ ಇತ್ತು. ಯಮನವ್ವನ ಹಳದಿ ಬಳೆ ಅದರ ಕೆಳಗಿತ್ತು. ರಾಜೀವ ಕೈ ಅಗಲಿಸಿ ಹೆಬ್ಬೆರಳನ್ನು ಒಂದಕ್ಕೆ, ಕಿರುಬೆರಳನ್ನು ಇನ್ನೊಂದಕ್ಕೆ ಇಟ್ಟು ನೋಡಿದ. ಸರಿಯಾಗಿ ಒಂದು ಗೇಣು. ಆ ಮರ ಐದು ವರ್ಷದಲ್ಲಿ ನಾಲ್ಕೂವರೆ ಸೆಂಟಿಮೀಟರ್ ಬೆಳೆದಿದೆ ಎಂದು ಅವನು ಬರೆದಿದ್ದ. ಅದರಲ್ಲಿ ಎರಡೂವರೆ ಆ ಗೇಣಿನದು. ಕಾಡು ಬೆಳೆದಿದ್ದಕ್ಕಿಂತ ಹೆಚ್ಚಾಗಿ ಅಳೆಯುವವರ ಎತ್ತರ ಇಳಿದಿತ್ತು.

ಹೆಂಡತಿ ಪೂರ್ವಾಗೆ ಅವನು ಹೇಳಲಿಲ್ಲ. ಹೇಳಿದರೆ ಅವಳು ತಪ್ಪಿಗೆ ನಗುತ್ತಿರಲಿಲ್ಲ, ಅವನಿಗೆ ನಗುತ್ತಿದ್ದಳು: ಎದಿ ಅಂತ ಒಂದು ಮಾತು ಬರಲಿಲ್ಲೇನ್ರಿ ನಿಮಗ. ಈ ನಗುವನ್ನು ಅವನು ಮೂರು ತಿಂಗಳು ಮನಸ್ಸಿನಲ್ಲೇ ಕೇಳಿದ. ಲ್ಯಾಬಿನಲ್ಲಿ ಮಣ್ಣಿನ ಇಂಗಾಲ ನೋಡುವಾಗ ಮಾತ್ರ ನೆಮ್ಮದಿ. ಗಾಜಿನ ನಳಿಕೆಯಿಂದ ಹನಿ ಹನಿಯಾಗಿ ಬಿಡುತ್ತ ಹೋದರೆ ಪಾತ್ರೆಯಲ್ಲಿನ ನೇರಳೆ ಬಣ್ಣ ಯಾವುದೋ ಒಂದು ಹನಿಗೆ ಇದ್ದಕ್ಕಿದ್ದಂತೆ ಹಸಿರಾಗಿ ಬಿಡುತ್ತದೆ. ಅಲ್ಲಿ ಯಾರನ್ನೂ ಏನೂ ಕೇಳಬೇಕಿಲ್ಲ, ಯಾರಿಗೂ ಏನೂ ಹೇಳಬೇಕಿಲ್ಲ. ಪ್ರೇಮಕುಮಾರ ಬರುವ ಪತ್ರ ಬಂದ ದಿನ ಕೊನೆಗೆ ಪಂಢರಿನಾಥರಿಗೆ ಹೇಳಿದ. ಬೆಳಗಾವಿಯ ಹಳೆಯ ಮನುಷ್ಯ, ಮೂವತ್ತು ವರ್ಷದಿಂದ ಪುಣೆಯಲ್ಲಿ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದ, ಅವರು ಚಹಾದ ಕೆನೆಯನ್ನು ಚಮಚದಿಂದ ಬದಿಗೆ ಸರಿಸುತ್ತ, ಟೇಪು ಹಿಡಿದವರು ಯಾರು ಎಂದು ಕೇಳಿದರು. ಯಮನವ್ವ ಎಂದ.

‘ಹಾಂ. ನೋಡಪಾ ರಾಜೀವ, ಪದ್ಧತಿ ತಪ್ಪಿದ್ರ ಅದು ಮೇಜರ್. ಐದು ವರ್ಷದ್ದೆಲ್ಲಾ ನೀರಾಗ ಹೋತು, ನಿನ್ನ ಪಿಎಚ್.ಡಿ. ಸುದ್ದಾ. ಮನಷ್ಯಾ ತಪ್ಪಿದ್ರ ಮೈನರ್. ಮನಷ್ಯಾನ್ನ ಬದಲಿ ಮಾಡಬಹುದಲಾ.’

ದೌಂಡದಲ್ಲಿ ಡಿಪ್ಲೊಮಾ ಮಾಡಿದ ಇಬ್ಬರ ಅರ್ಜಿ ಬಂದಿದೆ, ಮುಂದಿನ ತಿಂಗಳಿಂದ ಅವರನ್ನು ತೆಗೆದುಕೊಂಡರಾಯಿತು ಎಂದರು. ಆ ಹೆಣ್ಣುಮಗಳಿಗೆ ಬೇಕಾದರೆ ನಾನೇ ಹೇಳುತ್ತೇನೆ ಎಂದರು. ಆ ಕೊನೆಯ ಮಾತು ದಯೆಯಿಂದಲೇ ಬಂದಿತ್ತು, ಅದೇ ಅವನನ್ನು ಹೆಚ್ಚು ಹಿಂಸಿಸಿತು. ಕೋಲನ್ನು ಹುಡುಕಿ ಇಟ್ಟುಕೋ ಎಂದೂ ಹೇಳಿದ್ದರು.

ಏಳನೆಯ ತುಂಡಿಗೆ ಮುಟ್ಟಿದಾಗ ಹನ್ನೊಂದೂವರೆ. ಫೆಬ್ರುವರಿಯ ಬಿಸಿಲು, ನೆಲದ ತುಂಬ ಒಣ ಎಲೆ. ನಾಲ್ಕು ಜನ ನಡೆದರೆ ನಲವತ್ತು ಜನ ನಡೆದಂತೆ ಸದ್ದು. ನಾಲ್ಕನೆಯವನಾದ ಡ್ರೈವರು ಅರ್ಧ ದಾರಿಗೇ ನೆರಳು ನೋಡಿ ಕೂತ. ಪ್ರೇಮಕುಮಾರ ಸಂಸ್ಥೆಯ ಕೋಲನ್ನು ಕೈಗೆ ತೆಗೆದುಕೊಂಡು, ಪಟ್ಟಿಯ ಮೇಲಿನ ಒಣಗಿದ ಕೆಸರನ್ನು ಉಗುರಿನಿಂದ ಕೆರೆದು ನೋಡಿ, ಮರಕ್ಕೆ ಆನಿಸಿ ನಿಲ್ಲಿಸಿದ. ಹಳದಿ ಬಳೆ ಪಟ್ಟಿಗಿಂತ ಒಂದು ಗೇಣು ಕೆಳಗಿತ್ತು. ಎರಡನೆಯ ಮರ, ಮೂರನೆಯ ಮರ. ಪ್ರತಿಯೊಂದರಲ್ಲೂ ಅದೇ ಗೇಣು, ಒಂದಿಷ್ಟೂ ತಪ್ಪದೆ. ಇಷ್ಟು ನಿಯತ್ತಿನ ತಪ್ಪನ್ನು ನಾನು ನೋಡಿಲ್ಲ ಎಂದ ಪ್ರೇಮಕುಮಾರ, ಹೊಗಳುವಂತೆ. ಆಮೇಲೆ, ಈ ಬಳೆ ಬರೆದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದ. ರಾಜೀವ ಯಮನವ್ವನ ಕಡೆ ಕೈ ಮಾಡಿದ. ಮಟ್ಟವನ್ನು ಹೇಗೆ ಗೊತ್ತು ಮಾಡಿಕೊಂಡಳು ಎಂದು ಕೇಳಿ ಹೇಳಿ ಎಂದ ಪ್ರೇಮಕುಮಾರ, ಪೆನ್ನಿನ ಮುಚ್ಚಳ ತೆಗೆಯುತ್ತ.

ರಾಜೀವ ಕೇಳಿದ. ಕೇಳುವಾಗಲೂ ಅವಳಿಗೆ ಹೇಳಿದಂತೆ ಕೇಳಲಿಲ್ಲ: ಈ ಮಟ್ಟ ಹ್ಯಾಂಗ ಹಿಡದದ್ದು ಅಂತ ಕೇಳ್ತಾರ.

‘ನೀವ ಹೇಳಿದ್ರೆಲ್ರಿ, ನಮ್ಮ ಮನಿಯವ್ರು ಹಿಡದಂಗ ಹಿಡಿ ಅಂತ. ಅವ್ರು ಅಂಗಿ ಎರಡನೇ ಗುಂಡಿಗೆ ಹಿಡೀತಿದ್ರು, ಮನ್ಯಾಗ ನಿಂತು ತೋರಿಸ್ಯಾರ ನನಗ. ನಾ ಸೀರಿ ಉಟ್ಟಾಕಿ, ಗುಂಡಿ ಎಲ್ಲಿಂದ ತರ್ಲಿ. ಅದ ಜಾಗಾಕ್ಕ ನನ್ನ ತಾಳಿ ಬರ್ತದ. ತಾಳಿ ಮಟ್ಟಕ್ಕ ಹಿಡದೀನ್ರಿ, ಎಲ್ಲಾ ಗಿಡಕ್ಕೂ. ಒಂದಕ್ಕೂ ತಪ್ಪಿಲ್ಲ.’

ಕೊನೆಯ ಮಾತು ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು. ಅವಳಿಗೆ ಪರೀಕ್ಷೆ ಕೊಡುತ್ತಿರುವಂತೆ ಅನಿಸಿರಬೇಕು, ಉತ್ತರ ಸರಿಯಿದೆ ಎಂದೂ. ಪ್ರೇಮಕುಮಾರ ರಾಜೀವನ ಕಡೆ ತಿರುಗಿದ. ಆ ಎರಡು ಮೂರು ಕ್ಷಣ ಕಾಡಿನಲ್ಲಿ ಎಲ್ಲ ಸದ್ದುಗಳೂ ಇವನ ಬಾಯಿಯ ಹೊಸ್ತಿಲಲ್ಲಿ ಬಂದು ನಿಂತಂತೆ ಇತ್ತು. ಇಷ್ಟು ಉದ್ದ ಮಾತಿಗೆ ತಾನು ಕೊಡುವ ಉತ್ತರ ಎಷ್ಟು ಉದ್ದವಿರಬೇಕು ಎಂಬ ವಿಚಿತ್ರ ಲೆಕ್ಕ ಅವನ ತಲೆಯಲ್ಲಿ ಓಡಿತು. ತೀರ ಗಿಡ್ಡವಾದರೆ ಅನುಮಾನ ಬರುತ್ತದೆ. ಗಂಡನ ಬದಲಿಗೆ ಬಂದವಳು, ಹೊಸಬಳು, ಹೇಳಿಕೊಟ್ಟದ್ದು ಸರಿಯಾಗಿ ತಿಳಿಯಲಿಲ್ಲವಂತೆ, ಅಂದಾಜಿನ ಮೇಲೆ ಹಿಡಿದಳಂತೆ. ತನ್ನದು ಮಿಸ್ಟೇಕು ಎನ್ನುತ್ತಾಳೆ, ಎಂದ ಇಂಗ್ಲಿಷಿನಲ್ಲಿ. ಪ್ರೇಮಕುಮಾರ ತಲೆಯಾಡಿಸಿ ಬರೆದುಕೊಂಡ. ಒಂದು ಸಾಲು. ಮೈನರ್ ಎಂಬ ಚೌಕದಲ್ಲಿ ಸಣ್ಣ ಗುರುತು. ಬರೆದ ಸಾಲಿನ ಕೆಳಗೆ ಜೇಬಿನ ಉಕ್ಕಿನ ಅಳತೆಪಟ್ಟಿ ಇಟ್ಟು ಗೆರೆ ಎಳೆದ. ಎಲ್ಲ ಸಾಲಿಗೂ ಹಾಗೆ ಎಳೆಯುವ ಮನುಷ್ಯ. ಇಷ್ಟು ಸುಲಭವೇ ಎಂದು ರಾಜೀವನಿಗೆ ಅನಿಸಿತು, ಆ ಸುಲಭದಲ್ಲೇ ಏನೋ ಕೊಳೆತ ವಾಸನೆ ಇತ್ತು.

ಮಧ್ಯಾಹ್ನ ಹಳ್ಳದ ದಂಡೆಯಲ್ಲಿ ಊಟ. ಪ್ರೇಮಕುಮಾರ ಹೋಟೆಲಿನವರು ಕಟ್ಟಿಕೊಟ್ಟ ಬ್ರೆಡ್ಡಿನ ಪೊಟ್ಟಣ ಹಿಡಿದು ನೀರಿನ ಹತ್ತಿರದ ಬಂಡೆಗೆ ಹೋದ. ಯಮನವ್ವ ಗಂಟು ಬಿಚ್ಚಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಂದಿನಂತೆ ಎರಡು ರೊಟ್ಟಿ ಬೇರೆ ಮಾಡಿ ರಾಜೀವನ ಮುಂದೆ ಬಟ್ಟೆಯ ಮೇಲೆ ಇಟ್ಟಳು. ಇವತ್ತು ಹಸಿವಿಲ್ಲ ಎಂದ. ಅವಳು ರೊಟ್ಟಿಯನ್ನು ವಾಪಸ್ಸು ಎತ್ತಿಕೊಳ್ಳಲಿಲ್ಲ. ಒಂದು ಸಲ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಇದೇ ಹಳ್ಳದ ಹತ್ತಿರ ಅವಳು ಹೇಳಿದ್ದಳು: ಹನ್ನೆರಡು ವರ್ಷದವಳಿದ್ದಾಗಿನಿಂದ ದುಡಿಯುತ್ತಿದ್ದೇನೆ, ತಲೆಯ ಮೇಲೆ ಏನೂ ಹೊರದ ಕೆಲಸ ಇದೇ ಮೊದಲನೆಯದು. ಇಟ್ಟಿಗೆ ಇಲ್ಲ, ಬುಟ್ಟಿ ಇಲ್ಲ. ಕತ್ತು ಎತ್ತಿದರೆ ಗಿಡ ಕಾಣುತ್ತವೆ. ಅಂದು ಅವನು ಆ ಮಾತನ್ನು ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಿದ್ದ, ಎಲ್ಲಿಯಾದರೂ ಉಪಯೋಗಕ್ಕೆ ಬರುತ್ತದೆ ಎಂದು. ಈಗ ಆ ಪುಸ್ತಕ ಅವನ ತೊಡೆಯ ಮೇಲೆಯೇ ಇತ್ತು.

‘ಮಿಸ್ಟೇಕ್ ಅಂದ್ರೆಲ್ರಿ ಅವರಿಗೆ,’ ಎಂದಳು ಯಮನವ್ವ. ರೊಟ್ಟಿ ಮುರಿಯುತ್ತಿದ್ದಳು, ಮುಖ ಎತ್ತಲಿಲ್ಲ. ‘ಪುಣೇದಾಗ ಹದಿನಾಲ್ಕ ವರ್ಷ ಆತ್ರಿ. ಅಷ್ಟು ಇಂಗ್ಲಿಷ್ ನನಗೂ ತಿಳೀತದ.’

ಅದು ನಿನ್ನ ಒಳ್ಳೆಯದಕ್ಕೇ ಎನ್ನುವಂಥ ಒಂದು ಮಾತು ಬಾಯಿಯಲ್ಲಿ ತಯಾರಾಗುತ್ತಿದ್ದುದು ಅವನಿಗೇ ಕೇಳಿಸಿತು, ನುಂಗಿದ. ಅವಳು ಚಟ್ನಿಯ ಬೆರಳನ್ನು ಹಳ್ಳದ ನೀರಿನಲ್ಲಿ ತೊಳೆದು ಬಂದು ಗಂಟು ಕಟ್ಟಿದಳು. ಕಟ್ಟಿದ ಮೇಲೆ ಕೇಳಿದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ.

‘ನಾ ಗಿಡ್ಡಾಕಿ ಅಂತ ನಿಮಗ ಗೊತ್ತಿರಲಿಲ್ಲೇನ್ರಿ?’

ಗೊತ್ತಿರಲಿಲ್ಲ. ಅದೇ ಉತ್ತರ, ಅದನ್ನು ಹೇಳುವುದು ಹೇಗೆ. ವರ್ಷಕ್ಕೂ ಹೆಚ್ಚು ಕಾಲ ತನ್ನ ಮುಂದೆ ಓಡಾಡಿದ ಹೆಣ್ಣುಮಗಳು ಎಷ್ಟು ಎತ್ತರ ಎಂದು ಅಳತೆಯೇ ಕಸುಬಾದ ಅವನು ನೋಡಿರಲಿಲ್ಲ. ನೋಡದೆ ಇರುವುದನ್ನು ಅವನು ಮರ್ಯಾದೆ ಎಂದುಕೊಂಡಿದ್ದ. ಅವಳಿಗೂ ಹಾಗೆಯೇ ಅನಿಸಿತ್ತೇ, ಅಥವಾ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತವನನ್ನು ನೋಡಿ ಅವಳು ಬೇರೆ ಏನಾದರೂ ಅಂದುಕೊಂಡಿದ್ದಳೇ. ಈ ಪ್ರಶ್ನೆ ಇಂದಿನವರೆಗೆ ಅವನಿಗೆ ಬಂದೇ ಇರಲಿಲ್ಲ. ಹಳ್ಳದ ಆಚೆ ಪ್ರೇಮಕುಮಾರ ಬ್ರೆಡ್ಡಿನ ಕಾಗದವನ್ನು ನೀಟಾಗಿ ಮಡಚಿ ಜೇಬಿಗೆ ಇಟ್ಟುಕೊಂಡು ಎದ್ದು ನಿಂತ.

ಇಪ್ಪತ್ತಮೂರನೆಯ ತುಂಡು ಹಳ್ಳದಿಂದ ಮೇಲಕ್ಕೆ ಕಾಲು ಗಂಟೆಯ ಏರು. ಮೊದಲನೆಯದು ನಂದಿ ಮರ, ಸಿಪ್ಪೆ ಬಿಟ್ಟು ನುಣ್ಣಗಾದ ಬಿಳಿಚು ಕಾಂಡ. ಹಳದಿ ಬಳೆ ಕೂಡ ಅರ್ಧ ಕಳಚಿತ್ತು. ಯಾರೂ ಹೇಳುವ ಮೊದಲೇ ಯಮನವ್ವ ಬಂದು ಪ್ರೇಮಕುಮಾರನ ಕೈಯಿಂದ ಕೋಲನ್ನು ತೆಗೆದುಕೊಂಡಳು. ಅವನು ಆಶ್ಚರ್ಯದಿಂದ ಬಿಟ್ಟುಕೊಟ್ಟ. ಅವಳು ಬುಡದ ಎಲೆಗಳನ್ನು ಕಾಲಿನಿಂದ ಸರಿಸಿ, ಕೋಲನ್ನು ಗಟ್ಟಿ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಮರಕ್ಕೆ ಆನಿಸಿ, ಅದರ ಎದುರು ತಾನು ನಿಂತಳು. ಕೆಂಪು ಪಟ್ಟಿ ಅವಳ ಕಣ್ಣಿಗೆ ನೇರವಾಗಿ ಬಂತು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

‘ನನ್ನ ಕಣ್ಣಿನ ಮಟ್ಟ ಬರ್ತದ ನೋಡ್ರಿ,’ ಎಂದಳು. ‘ಕಣ್ಣಿಗೆ ನೇರ ಹಿಡಿ ಅಂತ ಒಂದು ಮಾತು ಅಂದಿದ್ರ ಸಾಕಿತ್ತಲ್ರಿ.’

ಮತ್ತೆ ಟೇಪು ಬಿಚ್ಚಿ, ಕೈಗಳನ್ನು ಮೇಲೆತ್ತಿ ಮರವನ್ನು ಬಳಸಿದಳು. ಏನು ಹೇಳುತ್ತಿದ್ದಾಳೆ ಎಂದು ಪ್ರೇಮಕುಮಾರ ಕೇಳಿದ. ಸುಮ್ಮನೆ ಮರ್ಯಾದೆಗೆ ಕೇಳಿದ್ದು, ಕಾಗದದಿಂದ ತಲೆ ಎತ್ತಿರಲಿಲ್ಲ. ಏನಿಲ್ಲ ಎಂಬ ಇಂಗ್ಲಿಷ್ ಮಾತು ರಾಜೀವನ ನಾಲಗೆಯ ತುದಿಯಲ್ಲೇ ಇತ್ತು. ಅದನ್ನೇ ಆಡುತ್ತೇನೆ ಎಂದು ಬಾಯಿ ತೆರೆದವನು ತನ್ನ ದನಿಯನ್ನು ಬೇರೆಯವರದೆಂಬಂತೆ ಕೇಳಿದ. ಅವಳ ಮಾತನ್ನು ಅವಳು ಹೇಳಿದ ಹಾಗೆಯೇ, ಒಂದು ಪದವನ್ನೂ ಬಿಡದೆ, ಇಂಗ್ಲಿಷಿಗೆ ಸಾಗಿಸುತ್ತಿತ್ತು ಆ ದನಿ. ನನ್ನ ಕಣ್ಣಿನ ಮಟ್ಟಕ್ಕೆ ಬರುತ್ತದೆ ನೋಡಿ. ಕಣ್ಣಿಗೆ ನೇರ ಹಿಡಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಪ್ರೇಮಕುಮಾರ ತಲೆ ಎತ್ತಿದ. ಯಾರು ಹೇಳಿದ್ದರೆ?

ನಾನು, ಎಂದ ರಾಜೀವ. ಬೆಳಿಗ್ಗೆ ಅವಳು ಹೇಳಿದ್ದನ್ನು ನಾನು ನಿಮಗೆ ಹೇಳಲಿಲ್ಲ. ಈಗ ಹೇಳುತ್ತೇನೆ. ಗುಂಡಿ, ಸೀರೆ, ತಾಳಿ. ತಾಳಿ ಎಂದರೇನು ಎಂದು ಚೆನ್ನೈಯವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಕೋಲನ್ನು ಉಗ್ರಾಣಕ್ಕೆ ಹಾಕಿದ್ದು, ಇಂದು ಬೆಳಿಗ್ಗೆ ಕೆಸರು ಹಚ್ಚಿದ್ದು, ಎಲ್ಲಿ ಹಿಡಿಯಲಿ ಎಂದು ಅವಳು ಕೇಳಿದಾಗ ತಾನು ಬೆಟ್ಟದ ಕಡೆ ನೋಡಿದ್ದು. ಎದೆ ಎಂಬ ಮಾತು ಇಂಗ್ಲಿಷಿನಲ್ಲಿ ಎಷ್ಟು ಸಲೀಸಾಗಿ ಬಂತು ಎಂದರೆ ಅವನಿಗೆ ಹೇಸಿಗೆಯಾಯಿತು. ನವೆಂಬರಿನಿಂದ ನನಗೆ ಗೊತ್ತು ಎಂದು ಕೊನೆಗೆ ಹೇಳಿದ. ಅದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು.

ಪ್ರೇಮಕುಮಾರ ಜೇಬಿನಿಂದ ಉಕ್ಕಿನ ಪಟ್ಟಿ ತೆಗೆದು, ಬೆಳಗಿನ ಸಾಲಿನ ಮೇಲೆ ಇಟ್ಟು, ನೇರವಾಗಿ ಒಂದು ಗೆರೆ ಎಳೆದು ಅದನ್ನು ಹೊಡೆದು ಹಾಕಿದ. ಇದು ಮೈನರ್ ಅಲ್ಲ, ಗೊತ್ತಲ್ಲ ಎಂದ. ದನಿಯಲ್ಲಿ ಗಡಸು ಇರಲಿಲ್ಲ. ಗೊತ್ತು ಎಂದ ರಾಜೀವ. ನಲವತ್ತೂ ತುಂಡುಗಳು. ನಲವತ್ತೂ. ನಿಮ್ಮ ಪೂರ್ತಿ ಹೆಸರು ಹೇಳಿ ಎಂದ ಪ್ರೇಮಕುಮಾರ. ರಾಜೀವ ಹೇಳಿದ, ಒಂದೊಂದೇ ಅಕ್ಷರ ಬಿಡಿಸಿ. ಸಂಜೆ ಪಂಢರಿನಾಥರು ಚಹಾದ ಕೆನೆ ಸರಿಸುತ್ತ ಏನು ಅನ್ನಬಹುದು, ದೌಂಡದ ಇಬ್ಬರು ಬರುತ್ತಾರೋ ಇಲ್ಲವೋ, ಯಮನವ್ವ ಉಳಿಯುತ್ತಾಳೋ ಅಥವಾ ಈಗ ಇಬ್ಬರೂ ಹೋಗುತ್ತಾರೋ, ಒಂದೂ ಅವನಿಗೆ ಗೊತ್ತಿರಲಿಲ್ಲ.

ಇಷ್ಟು ಇಂಗ್ಲಿಷಿನಲ್ಲಿ ಯಮನವ್ವನಿಗೆ ಸರಿಯಾಗಿ ತಿಳಿದದ್ದು ಅವನ ಹೆಸರು ಮಾತ್ರ. ಅವಳು ಮರವನ್ನು ಬಳಸಿದ ಕೈಗಳನ್ನು ಇಳಿಸದೆ, ಟೇಪಿನ ಮೇಲೆ ಬೆರಳೊತ್ತಿ, ಕತ್ತು ತಿರುಗಿಸಿ ಇಬ್ಬರನ್ನೂ ನೋಡುತ್ತಿದ್ದಳು. ‘ಐವತ್ತೊಂಬತ್ತೂವರಿ,’ ಎಂದಳು. ಯಾರೂ ಅಲುಗಾಡಲಿಲ್ಲ. ‘ಸಾಹೇಬ್ರ, ಕೈ ನೋಯಾಕ ಹತ್ಯಾವ. ಬರಕೊಳ್ರಿ.’

ರಾಜೀವ ಪುಸ್ತಕ ತೆರೆದ. ಎಂದಿನ ಅಭ್ಯಾಸಕ್ಕೆ ಕಾಲುಗಳು ಕೂರಲು ಕಲ್ಲು ಹುಡುಕಿದವು. ಅವನು ಕೂರಲಿಲ್ಲ. ಎಲೆಗಳನ್ನು ತುಳಿಯುತ್ತ ಮರದ ಹತ್ತಿರ ಹೋಗಿ, ಅವಳ ಬೆರಳಿನ ಪಕ್ಕ ಬಾಗಿ, ಟೇಪು ನೋಡಿದ. ಐವತ್ತೊಂಬತ್ತೂವರೆ. ಹೋದ ವರ್ಷದ ಅಂಕಿ ಅದೇ ಸಾಲಿನಲ್ಲಿ ಮೊದಲೇ ಇತ್ತು, ಅರವತ್ತೆರಡು. ಅಂಕಿ ಓದಬಲ್ಲ ಯಮನವ್ವ ಅದನ್ನೂ ನೋಡಿದಳು.

‘ಗಿಡ ಸಣ್ಣ ಆತಲ್ರಿ,’ ಎಂದಳು.

‘ಇಲ್ರಿ ಯಮನವ್ವ,’ ಎಂದ ರಾಜೀವ. ‘ಅದು ಇಷ್ಟೇ ಇತ್ತು.’